ರಾತ್ರಿ ಹತ್ತರ ಮೇಲಿನ ಒಂದು ಗಂಟೆ

ನಮ್ಮ ಪುಣೆ, ಹೈದರಾಬಾದ್ ಆಫೀಸುಗಳಲ್ಲಿ ಆನ್‌ಲೈನ್ ಟ್ರೇನಿಂಗ್ ಹೇಗೆ ನಡೆಯುತ್ತೆ ಅಂತ ನಿಮಗೇ ಗೊತ್ತು. ಒಂದು ಟ್ಯಾಬಿನಲ್ಲಿ ವಿಡಿಯೊ ಮ್ಯೂಟ್, ಇನ್ನೊಂದರಲ್ಲಿ ಕೆಲಸ, ನಡುನಡುವೆ ‘ನೆಕ್ಸ್ಟ್’ ಒತ್ತೋದು. ಸರ್ಟಿಫಿಕೇಟ್ ಬರುತ್ತೆ, ವಿದ್ಯೆ ಬರಲ್ಲ.

ಪ್ರಾಜೆಕ್ಟ್ ಮುಗಿದು ಬೆಂಚಿಗೆ ಬಂದ ನಲವತ್ತರ ಸಪೋರ್ಟ್ ಎಂಜಿನಿಯರ್ ಒಬ್ಬರನ್ನ ನೆನೆಸ್ಕೊಳ್ಳಿ. ಮನೆ ಲೋನ್ ಇದೆ, ಮಕ್ಕಳ ಫೀಸ್ ಇದೆ. ಕಲಿಯೋಕೆ ಸಿಗೋದು ರಾತ್ರಿ ಹತ್ತರ ಮೇಲೆ ಒಂದು ಗಂಟೆ. ಅವರ ಮುಂದೆ ‘ಕ್ಲೌಡ್‌ನ ಇತಿಹಾಸ’ ಅಂತ ಮೊದಲ ಪಾಠ ಇಟ್ಟರೆ ಆ ಗಂಟೆ ಕದ್ದ ಹಾಗೆ.

ನಾನು ಕೋರ್ಸ್ ಮಾಡುವಾಗ ಟಿಕೆಟ್‌ನಿಂದಲೇ ಶುರು ಮಾಡ್ತೀನಿ. ಡಿಸ್ಕ್ ತುಂಬಿದೆ, ಲಾಗ್ ಇಲ್ಲಿದೆ, ಏನ್ಮಾಡ್ತೀರಿ? ಹದಿನೈದು ವರ್ಷ ಲಿನಕ್ಸ್ ನೋಡಿದವರಿಗೆ ಇದೇನು ಹೊಸದಾ? ಅದೇ ಕೆಲಸ ಕ್ಲೌಡ್‌ನಲ್ಲಿ ಹೇಗೆ ಅನ್ನೋದಷ್ಟೇ ತೋರಿಸಬೇಕು. ವಯಸ್ಕರು ಅನುಭವ ಹೊತ್ತುಕೊಂಡೇ ಕಲಿಯೋಕೆ ಬರ್ತಾರೆ ಅಂತ ಮಾಲ್ಕಮ್ ನೋಲ್ಸ್ ಎಂದೋ ಹೇಳಿದ್ದಾರೆ.

ವಿಡಿಯೊ 6 ನಿಮಿಷದೊಳಗೆ ಮುಗೀಲಿ. 2014ರಲ್ಲಿ ಎಡ್‌ಎಕ್ಸ್‌ನ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದಾಗ ಜನ ಹೆಚ್ಚು ಗಮನ ಕೊಟ್ಟಿದ್ದು ಅಷ್ಟು ಚಿಕ್ಕವಕ್ಕೇ. ಆದರೆ ನೋಡಿದ್ದೆಲ್ಲ ನೆನಪಿರಬೇಕಲ್ಲ! 2006ರ ರೋಡಿಗರ್, ಕಾರ್ಪಿಕಿ ಪ್ರಯೋಗದಲ್ಲಿ ಪಾಠ ಮತ್ತೆ ಮತ್ತೆ ಓದಿದವರಿಗಿಂತ, ನೆನಪಿನಿಂದ ಬರೆದು ನೋಡಿದವರಿಗೇ ಒಂದು ವಾರದ ಮೇಲೆ ಹೆಚ್ಚು ಉಳಿದಿತ್ತು. ಹಾಗಾಗಿ ಮಂಗಳವಾರ ಕಲಿಸಿದ್ದನ್ನು ಮುಂದಿನ ಮಂಗಳವಾರ ಕೇಳ್ತೀವಿ. ಅಂಕ ಮ್ಯಾನೇಜರ್‌ಗೆ ಹೋಗಲ್ಲ. ಹೋಗುತ್ತೆ ಅಂತ ಗೊತ್ತಾದ್ರೆ ಎಲ್ಲರೂ ಗೂಗಲ್ ನೋಡಿ ಬರೀತಾರೆ, ನಾನೂ ಬರೀತೀನಿ.