ಚಳಿಗಾಲದ ಹಸುಗೂಸಿಗೆ ಅಮ್ಮನ ಎದೆಯೇ ಬೆಚ್ಚನೆಯ ಮನೆ

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ನಮ್ಮ ಆರೋಗ್ಯ ತಂಡದವರು ಆಡಿದ ಮಾತುಗಳು)



ಮಾಗಿಯ ಚಳಿ ಶುರುವಾಗಿದೆ. ನಮ್ಮ ಮಲೆನಾಡಿನಲ್ಲಿ ಇದು ಕಾಫಿ ಕೊಯ್ಲಿನ ಕಾಲವೂ ಹೌದು. ಬೆಳಗಾಗುತ್ತಲೇ ನೀವೆಲ್ಲ ತೋಟಕ್ಕೆ ಹೊರಡ್ತೀರಿ. ಮನೆಯಲ್ಲಿ ಉಳಿಯುವವರು ಬಾಣಂತಿ, ಕೂಸು ಮತ್ತು ವಯಸ್ಸಾದ ಅಜ್ಜಿ. ಆದ್ದರಿಂದ ಇಂದು ಸಾಲ, ಉಳಿತಾಯದ ಮಾತಿಗೆ ಮೊದಲು ಹಸುಗೂಸಿನ ಆರೈಕೆಯ ಬಗ್ಗೆ ಸ್ವಲ್ಪ ಮಾತಾಡೋಣ.

ಒಂದು ಚಳಿಗಾಲದಲ್ಲಿ ಲೆಕ್ಕದ ಪುಸ್ತಕ ನೋಡಲೆಂದು ನಾವು ಒಂದು ಲೈನ್ ಮನೆಗೆ ಹೋಗಿದ್ದೆವು. ಅಲ್ಲಿ ನಾಲ್ಕು ದಿನದ ಮಗು. ದಿನ ತುಂಬುವ ಮೊದಲೇ ಹುಟ್ಟಿದ್ದು, ತೂಕ 2 ಕಿಲೋ. ತೊಟ್ಟಿಲಿನ ಪಕ್ಕದಲ್ಲಿ ಕೆಂಡದ ಬಾಣಲೆ, ಕಿಟಕಿ ಬಾಗಿಲು ಭದ್ರ. "ಬಂಗಾರದಂಥ ಕೂಸು, ಅಳೋದೇ ಇಲ್ಲ. ಹಾಲಿಗೂ ಏಳದೆ ನಿದ್ದೆ ಮಾಡುತ್ತೆ" ಅಂದ್ರು ಅಜ್ಜಿ. ನಾವೂ "ಹೌದಮ್ಮ, ಶಾಂತ ಮಗು" ಅಂದುಬಿಟ್ಟೆವು. ನಮ್ಮ ಜೊತೆ ಬಂದಿದ್ದ ಸಂಘದ ಸದಸ್ಯೆಯೊಬ್ಬರು ಮಗುವಿನ ಪಾದ ಮುಟ್ಟಿ ನೋಡಿದರು. ಹೊಳೆಯ ಕಲ್ಲಿನಂತೆ ತಣ್ಣಗಿತ್ತು. ಹೊಟ್ಟೆ ಮುಟ್ಟಿದರು, ಅದೂ ತಣ್ಣಗಿತ್ತು. ಕೂಡಲೇ 108ಕ್ಕೆ ಫೋನ್ ಮಾಡಿ, ಮಗುವನ್ನು ತಾಯಿಯ ಎದೆಗೆ ಕಟ್ಟಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಮಗು ಉಳಿಯಿತು.

ಅದರ ಹಿಂದಿನ ವರ್ಷ ಇನ್ನೊಂದು ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಕೂಸು ಇರಲಿಲ್ಲ. "ರಾತ್ರಿಯಿಡೀ ಚೆನ್ನಾಗಿ ನಿದ್ದೆ ಮಾಡ್ತಿತ್ತು" ಎಂದೇ ಆ ಮನೆಯವರೂ ಹೇಳಿದ್ದರು. ಆ ಮಾತು ನಮಗೆ ಇಂದಿಗೂ ಮರೆತಿಲ್ಲ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ತಿಳಿದವರು ಎನಿಸಿಕೊಂಡ ನಾವೇ ಮೋಸ ಹೋಗಿದ್ದೆವಲ್ಲ!

ನಮಗೆ ಚಳಿಯಾದರೆ ಮೈ ನಡುಗುತ್ತದೆ, ಹಲ್ಲು ಕಟಕಟ ಅನ್ನುತ್ತೆ. ಹಸುಗೂಸಿಗೆ ಹಾಗೆ ನಡುಗಿ ಬಿಸಿ ಹುಟ್ಟಿಸಿಕೊಳ್ಳಲು ಬರುವುದಿಲ್ಲ. ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ, ತಲೆ ದೊಡ್ಡದು. ಹೀಗಾಗಿ ಬಿಸಿ ಬೇಗ ಹೋಗಿಬಿಡುತ್ತದೆ. ತಣ್ಣಗಾದ ಕೂಸು ಅಳುವುದಿಲ್ಲ, ಮಂಕಾಗುತ್ತದೆ. ಮಂಕಾದ ಕೂಸು ಹಾಲು ಕುಡಿಯುವುದಿಲ್ಲ. ಹಾಲಿಲ್ಲದಿದ್ದರೆ ಮೈ ಇನ್ನಷ್ಟು ತಣ್ಣಗಾಗುತ್ತದೆ. 2.5 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಈ ಅಪಾಯ ಹೆಚ್ಚು.

ಹಾಗಾದರೆ ತಿಳಿಯುವುದು ಹೇಗೆ? ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ನಿಮ್ಮ ಕೈಯ ಹಿಂಭಾಗದಿಂದ ಮಗುವಿನ ಹೊಟ್ಟೆ ಮತ್ತು ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಮಗು ಸುಖವಾಗಿದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹಿಡಿಯುತ್ತಿದೆ, ತಕ್ಷಣ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಮಗು ಎದೆಯ ಮೇಲೇ ಇರಲಿ. ಈ ಪರೀಕ್ಷೆಯನ್ನು ಪ್ರತಿ ಸಲ ಹಾಲು ಕೊಡುವಾಗ ಮಾಡಿ. ಆಶಾ ಕಾರ್ಯಕರ್ತೆಯ ಹತ್ತಿರ ಥರ್ಮಾಮೀಟರ್ ಇರುತ್ತದೆ. ಕಂಕುಳಲ್ಲಿ ಇಟ್ಟು ನೋಡಿದಾಗ 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ.

ಎದೆಗೆ ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಇದು ಶುರುವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಮತ್ತು ಆರೋಗ್ಯ ಇಲಾಖೆ ಸೇರಿ ಇದನ್ನು ಹಳ್ಳಿಯ ತಾಯಂದಿರಿಗೆ ಕಲಿಸಿವೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ. ತಾಯಿಯ ಎರಡು ಮೊಲೆಗಳ ನಡುವೆ, ಮೈಗೆ ಮೈ ತಾಗುವಂತೆ ನೆಟ್ಟಗೆ ಮಲಗಿಸಿ. ಉಸಿರಾಟಕ್ಕೆ ತೊಂದರೆಯಾಗದಂತೆ ಮುಖ ಒಂದು ಬದಿಗಿರಲಿ. ಹಳೆಯ ಹತ್ತಿಯ ಸೀರೆಯಿಂದ ಕಟ್ಟಿ, ಮೇಲೆ ಶಾಲು ಹೊದ್ದುಕೊಳ್ಳಿ. ಸಣ್ಣ ತೂಕದ ಮಗುವಿಗೆ ದಿನಕ್ಕೆ ಕನಿಷ್ಠ 8 ಗಂಟೆ ಬೇಕು. ಇಷ್ಟು ಹೊತ್ತು ಬಾಣಂತಿ ಒಬ್ಬಳಿಂದ ಆಗದು. ಅಜ್ಜಿ ಮಾಡಬಹುದು, ಅಪ್ಪನೂ ಮಾಡಬಹುದು. "ಗಂಡಸರು ಇದನ್ನೆಲ್ಲ ಮಾಡ್ತಾರಾ?" ಅಂತ ನಗಬೇಡಿ. ಅವರ ಎದೆಯೂ ಬೆಚ್ಚಗೇ ಇರುತ್ತೆ!

ಇನ್ನು ಹಿರಿಯರ ರೂಢಿಗಳ ಮಾತು. ಬೆಚ್ಚಗಿಡಬೇಕು ಎಂಬ ಅವರ ಮಾತು ಸರಿಯೇ, ದಾರಿ ಮಾತ್ರ ಸ್ವಲ್ಪ ಬದಲಾಗಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಅದರಿಂದ ಕಣ್ಣಿಗೆ ಕಾಣದ, ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತದೆ, ತಾಯಿ ಮಗು ಇಬ್ಬರಿಗೂ ಅಪಾಯ. ಸಾಂಬ್ರಾಣಿ ಹೊಗೆಯೂ ಬೇಡ. ಹುಟ್ಟಿದ ಕೂಡಲೇ ಸ್ನಾನ ಬೇಡ, ಕನಿಷ್ಠ 24 ಗಂಟೆ ಕಳೆಯಲಿ. ಮೈಮೇಲಿನ ಬಿಳಿ ಪದರವನ್ನು ತಿಕ್ಕಿ ತೆಗೆಯಬೇಡಿ. ತೂಕ ಕಡಿಮೆಯಿದ್ದರೆ ಸ್ನಾನದ ಬದಲು ಬೆಚ್ಚನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಮೂಗು, ಕಿವಿಗೆ ಎಣ್ಣೆ ಬಿಡಬೇಡಿ. ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟರೆ ಎಳೆ ಚರ್ಮ ಸುಡುತ್ತದೆ. ಬಟ್ಟೆ ನಮಗಿಂತ ಒಂದೆರಡು ಪದರ ಹೆಚ್ಚಿರಲಿ. ಒದ್ದೆಯಾದ ಬಟ್ಟೆ ಕೂಡಲೇ ಬದಲಾಯಿಸಿ.

ಜೇನು, ಸಕ್ಕರೆ ನೀರು, ಬಜೆ ಯಾವುದೂ ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಳದಿ ಹಾಲು, ಆಮೇಲೆ ಹಗಲು ರಾತ್ರಿ ಸೇರಿ 8ರಿಂದ 12 ಸಲ ತಾಯಿ ಹಾಲು. ಮೈ ಬೆಚ್ಚಗಾಗಲು ಒಲೆಗೆ ಸೌದೆ ಹೇಗೋ, ಕೂಸಿಗೆ ಹಾಲು ಹಾಗೆ.

ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ:

* ಹಾಲು ಕುಡಿಯುವುದಿಲ್ಲ, ಎಬ್ಬಿಸಿದರೂ ಏಳುವುದಿಲ್ಲ
* ಮೈ ತಣ್ಣಗಿದ್ದು ಎದೆಗೆ ಹಾಕಿದರೂ ಬೆಚ್ಚಗಾಗುವುದಿಲ್ಲ, ಅಥವಾ ಜ್ವರ ಬಂದಿದೆ
* ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಪಕ್ಕೆ ಒಳಕ್ಕೆ ಸೆಳೆಯುವುದು
* ಫಿಟ್ಸ್ ಬರುವುದು, ಅಂಗೈ ಅಂಗಾಲು ಹಳದಿಯಾಗುವುದು

108 ಗಾಡಿಗೆ ಹಣ ಕೊಡಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆಯೂ ಉಚಿತ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3ನೇ ದಿನದಿಂದ 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕು. ಬರದಿದ್ದರೆ ಕರೆಯಿರಿ, ಅದು ನಿಮ್ಮ ಹಕ್ಕು.

ಸಹೋದರಿಯರೇ, ಇಲ್ಲಿ ಕೂತಿರುವ ನಿಮ್ಮಲ್ಲಿ ಬಹಳ ಜನ ಅತ್ತೆಯಂದಿರು. ಬಾಣಂತಿ ಕೋಣೆಯಲ್ಲಿ ನಡೆಯುವುದು ನಿಮ್ಮ ಮಾತು. ಸೊಸೆ "ಅತ್ತೆ, ಮಗು ಯಾಕೋ ಹಾಲು ಕುಡೀತಿಲ್ಲ" ಅಂದಾಗ "ಎಲ್ಲಾ ಸರಿಹೋಗುತ್ತೆ ಬಿಡು" ಅನ್ನಬೇಡಿ. ಎದ್ದು ಹೋಗಿ ಪಾದ ಮುಟ್ಟಿ ನೋಡಿ.

ಈಗ ಒಂದು ಕೆಲಸ ಮಾಡೋಣ. ಶಿವರಾತ್ರಿಯೊಳಗೆ ಹೆರಿಗೆಯಾಗುವವರು ಯಾರ ಮನೆಯಲ್ಲಿದ್ದಾರೆ ಎಂದು ಪ್ರತಿ ಸಂಘವೂ ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆಯಲಿ. ತೋಟಕ್ಕೆ ಹೋಗುವಾಗ ಬರುವಾಗ ಆ ಮನೆಗೆ ಹೋಗಿಬರಲು ಇಬ್ಬರು ಸದಸ್ಯೆಯರು ಒಪ್ಪಿಕೊಳ್ಳಲಿ. ಮುಂದಿನ ತಿಂಗಳ ಸಭೆಯಲ್ಲಿ ಕಂತಿನ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಕೇಳೋಣ.