ಮಾಸಿಕ ಶುಲ್ಕವಿಲ್ಲದ ಟೀವಿ ಮತ್ತು ನಮ್ಮ ಗಲ್ಫ್ ಮನೆಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದವರು ನನ್ನನ್ನು ಕರೆದಿದ್ದಾರೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಟೀಚರ್. ಹಾಗಾಗಿ ವ್ಯಾಕರಣದ ಬಗ್ಗೆಯೋ ಪರೀಕ್ಷೆಯ ಬಗ್ಗೆಯೋ ಮಾತಾಡುತ್ತೇನೆಂದು ತಾವು ಎಣಿಸಿರಬಹುದು. ಆದರೆ ಇಂದು ನಾನು ಆರಿಸಿಕೊಂಡ ವಿಷಯ ಟೀವಿ. ಅದರಲ್ಲೂ ತಿಂಗಳ ಶುಲ್ಕವಿಲ್ಲದೆ, ಮನೆಯ ಮೇಲೆ ಒಂದು ಡಿಶ್ ಇಟ್ಟುಕೊಂಡು ನೋಡಬಹುದಾದ ಟೀವಿ.

ಈ ವಿಷಯವನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ಕರಾವಳಿಯ ಶಾಲೆಗಳಲ್ಲಿ ಪೋಷಕರ ಸಭೆ ಕರೆದರೆ ಬರುವವರು ತಾಯಂದಿರು, ಇಲ್ಲವೇ ವಯಸ್ಸಾದ ಅಜ್ಜಂದಿರು. ಎಷ್ಟೋ ಮಕ್ಕಳ ಅಬ್ಬಾ ದುಬೈಯಲ್ಲಿ, ದಮ್ಮಾಮ್‌ನಲ್ಲಿ, ಕುವೈತ್‌ನಲ್ಲಿ, ಮಸ್ಕತ್‌ನಲ್ಲಿ ಇದ್ದಾರೆ. ಮಗ್ರಿಬ್ ಕಳೆದ ಮೇಲೆ ಅಂತಹ ಮನೆಗಳಲ್ಲಿ ಮಕ್ಕಳ ಜೊತೆ ಕೂರುವ ದೊಡ್ಡವರು ಕಡಿಮೆ. ಅಮ್ಮಿ ಅಡುಗೆಮನೆಯಲ್ಲಿ ಇರುತ್ತಾರೆ. ಆ ಹೊತ್ತಿನಲ್ಲಿ ಮಕ್ಕಳ ಜೊತೆ ಕೂರುವುದು ಟೀವಿ. ಅದು ಅವರಿಗೆ ಏನು ಹೇಳಿಕೊಡುತ್ತಿದೆ ಎಂದು ಕೇಳುವುದು ಟೀಚರ್ ಆದ ನನ್ನ ಕೆಲಸವೂ ಹೌದು.

ಮೊದಲು ಒಂದು ಘಟನೆ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಮುಂದೆ ಆನ್‌ಲೈನ್ ತರಗತಿ ಶುರುವಾಯಿತು. ಹತ್ತನೇ ತರಗತಿಯ ಒಬ್ಬ ಹುಡುಗಿ ತರಗತಿಗೆ ಬರುತ್ತಲೇ ಇರಲಿಲ್ಲ. ನಾನು ಫೋನ್ ಮಾಡಿ ಗದರಿದೆ. ಅವಳು ಏನೂ ಹೇಳಲಿಲ್ಲ. ಮರುದಿನ ಅವಳ ಅಮ್ಮಿ ಫೋನ್ ಮಾಡಿ, "ಟೀಚರ್, ಮನೆಗೆ ಇರುವುದು ಒಂದೇ ಫೋನ್, ಮೂರು ಮಕ್ಕಳು. ಇವರ ಅಬ್ಬಾಗೆ ಎರಡು ತಿಂಗಳಿಂದ ಕೆಲಸವಿಲ್ಲ, ರೂಮಿನಲ್ಲೇ ಕೂತಿದ್ದಾರೆ. ಟೀವಿ ರೀಚಾರ್ಜೂ ನಿಲ್ಲಿಸಿದ್ದೇವೆ. ಇವಳು ಈ ವರ್ಷ ಮನೆಯಲ್ಲೇ ಇರಲಿ, ಮುಂದಿನ ವರ್ಷ ನೋಡೋಣ" ಎಂದರು. ಗದರಿದ್ದಕ್ಕೆ ನನಗೆ ನಾಚಿಕೆಯಾಯಿತು. ಮನೆಯಲ್ಲೇ ಇರಲಿ ಎಂದ ಹುಡುಗಿಯರು ಮರುವರ್ಷ ಶಾಲೆಗೆ ಮರಳುವುದು ಎಷ್ಟು ಅಪರೂಪ ಎಂಬುದು ಇಲ್ಲಿರುವ ಎಲ್ಲ ಶಿಕ್ಷಕರಿಗೂ ಗೊತ್ತು.

ಅದೇ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಮಾಲೆಯನ್ನು ಆರಂಭಿಸಿತು. ಮೊದಲಿಗೆ ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಗಳಿಗೆ. ಚಂದನ ನೋಡಲು ರೀಚಾರ್ಜ್ ಬೇಕಿಲ್ಲ, ಡಿಡಿ ಫ್ರೀ ಡಿಶ್‌ನಲ್ಲಿ ಅದು ಬರುತ್ತದೆ. ಆ ಹುಡುಗಿಯ ಮಾಮು ಯಾರದೋ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯ ಡಿಶ್ ತಂದು ಮಹಡಿಯ ಮೇಲೆ ಕೂರಿಸಿದರು. ಒಂದು ಬಾಕ್ಸ್ ಕೊಂಡರು. ಅವಳು ದಿನಾ ಪಾಠ ನೋಡತೊಡಗಿದಳು.

ಉರ್ದು ಮಾಧ್ಯಮದ ಹುಡುಗಿ ಅವಳು. ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಕೇಳಿ ಅರ್ಥಮಾಡಿಕೊಳ್ಳುವುದು ಮೊದಲ ವಾರ ಬಹಳ ಕಷ್ಟವಾಯಿತು. ಗೊತ್ತಾಗದ ಪದಗಳನ್ನು ಬರೆದಿಟ್ಟುಕೊಂಡು ಸಂಜೆ ನನಗೆ ಫೋನ್ ಮಾಡುತ್ತಿದ್ದಳು. ನಾನು ಉರ್ದುವಿನಲ್ಲಿ ಹೇಳುತ್ತಿದ್ದೆ. ಒಂದು ದಿನ ಅವಳು, "ಟೀಚರ್, ಅಬ್ಬಾ ಕೂಡ ಇವತ್ತಿನ ಪಾಠ ನೋಡಿದ್ದಾರೆ" ಎಂದಳು. ಪಾಠಗಳು ಯೂಟ್ಯೂಬಿನಲ್ಲೂ ಸಿಗುತ್ತಿದ್ದವು. ಏಳನೇ ತರಗತಿಗೆ ಓದು ಬಿಟ್ಟ ಆ ಮನುಷ್ಯ ಗಲ್ಫಿನ ರೂಮಿನಲ್ಲಿ ಕೂತು, ಮಗಳು ನೋಡಿದ ಪಾಠವನ್ನೇ ನೋಡಿ, ರಾತ್ರಿ ಫೋನಿನಲ್ಲಿ, "ಇದು ನನಗೆ ಗೊತ್ತಾಗಲಿಲ್ಲ ಬೇಟಾ, ನೀನು ಹೇಳು" ಎಂದು ಕೇಳುತ್ತಿದ್ದರಂತೆ. ತಂದೆಗೆ ತಿಳಿಸಿ ಹೇಳಬೇಕಲ್ಲ ಎಂದು ಅವಳು ಇನ್ನಷ್ಟು ಗಮನವಿಟ್ಟು ಕೇಳುತ್ತಿದ್ದಳು.

2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಎರಡೇ ದಿನಗಳಲ್ಲಿ ನಡೆಸಲಾಯಿತು. ಆ ವರ್ಷ ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು, ಆದ್ದರಿಂದ ಅವಳ ಅಂಕಗಳನ್ನು ನಾನು ದೊಡ್ಡ ಸಾಕ್ಷಿ ಎಂದು ಹೇಳುವುದಿಲ್ಲ. ಅವಳು ಶಾಲೆ ಬಿಡಲಿಲ್ಲ, ಪಿಯುಸಿ ಮುಗಿಸಿ ಪದವಿಗೆ ಸೇರಿದಳು. ನನಗೆ ಅಷ್ಟೇ ಸಾಕು.

ಈಗ ಈ ಡಿಶ್ ಎಂದರೇನು, ಹೇಗೆ ಕೆಲಸ ಮಾಡುತ್ತದೆ ಎಂದು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಹೇಳುತ್ತೇನೆ. ಸರ್ಕಾರಿ ಪ್ರಸಾರ ಸಂಸ್ಥೆಯಾದ ಪ್ರಸಾರ ಭಾರತಿ 2004ರ ಡಿಸೆಂಬರ್‌ನಲ್ಲಿ 'ಡಿಡಿ ಡೈರೆಕ್ಟ್ ಪ್ಲಸ್' ಎಂಬ ಹೆಸರಿನಲ್ಲಿ ಈ ಸೇವೆಯನ್ನು ಆರಂಭಿಸಿತು. ಅದೇ ಮುಂದೆ ಡಿಡಿ ಫ್ರೀ ಡಿಶ್ ಆಯಿತು. ಇದರ ಕಾರ್ಯಕ್ರಮಗಳು ಜಿಸ್ಯಾಟ್-15 ಎಂಬ ಉಪಗ್ರಹದ ಮೂಲಕ ಬರುತ್ತವೆ. 2015ರ ನವೆಂಬರ್‌ನಲ್ಲಿ ಹಾರಿಸಿದ ಈ ಉಪಗ್ರಹ ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದೂ ಸುತ್ತುವುದರಿಂದ ನಮಗೆ ಅದು ಒಂದೇ ಕಡೆ ನಿಂತಂತೆ ಇರುತ್ತದೆ. ಆದ್ದರಿಂದಲೇ ಡಿಶ್ಶನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಸಾಕು.

ನಮ್ಮ ಕರಾವಳಿಯಿಂದ ನೋಡಿದರೆ ಆ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿ, ಆಕಾಶದಲ್ಲಿ ಸಾಕಷ್ಟು ಮೇಲಕ್ಕೆ ಇದೆ. ಎರಡು ಅಡಿ ಅಗಲದ ಡಿಶ್ ಸಾಕು. ಹಿತ್ತಲಿನ ತೆಂಗಿನ ಗರಿ ಬೆಳೆದು ಅಡ್ಡ ಬಂದರೆ ಸಿಗ್ನಲ್ ಹೋಗುತ್ತದೆ. ನಮ್ಮ ಜೋರು ಮಳೆಯಲ್ಲೂ ಸ್ವಲ್ಪ ಹೊತ್ತು ಹೋಗುತ್ತದೆ, ಮಳೆ ಕಡಿಮೆಯಾದರೆ ತಾನಾಗಿ ಬರುತ್ತದೆ. ಅದಕ್ಕಾಗಿ ಯಾರನ್ನೂ ಕರೆಸಿ ಹಣ ಕೊಡಬೇಕಾಗಿಲ್ಲ. ವಾಹಿನಿಗಳ ಪಟ್ಟಿ ಆಗಾಗ ಬದಲಾಗುತ್ತದೆ, ಆಗ ರಿಮೋಟ್ ಹಿಡಿದು ಚಾನೆಲ್‌ಗಳನ್ನು ಮತ್ತೊಮ್ಮೆ ಹುಡುಕಿಸಬೇಕು. ಹಳೆಯ ಬಾಕ್ಸ್‌ಗಳಲ್ಲಿ ಎಂಪೆಗ್-4 ಮಾದರಿಯ ವಾಹಿನಿಗಳು ಬರುವುದಿಲ್ಲ, ಬಾಕ್ಸ್ ಕೊಳ್ಳುವಾಗ ಅದನ್ನು ಕೇಳಿ ಕೊಳ್ಳಬೇಕು. ಗಂಡಸರು ಊರಲ್ಲಿಲ್ಲದ ಮನೆಗಳಲ್ಲಿ ತಾಯಂದಿರೂ ಹೆಣ್ಣುಮಕ್ಕಳೂ ಇಷ್ಟನ್ನು ಕಲಿತಿರುವುದು ಒಳ್ಳೆಯದು.

ಖರ್ಚಿನ ಲೆಕ್ಕ ನೋಡೋಣ. ಡಿಶ್ ಮತ್ತು ಬಾಕ್ಸ್ ಸೇರಿ ಒಂದು ಬಾರಿಗೆ ಸುಮಾರು 2000 ರೂಪಾಯಿ. ಆಮೇಲೆ ತಿಂಗಳ ಶುಲ್ಕವಿಲ್ಲ. ಬೇರೆ ಸಂಪರ್ಕಕ್ಕೆ ತಿಂಗಳಿಗೆ 250 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 3000 ಆಯಿತು. ಅದು ಒಬ್ಬ ಮಗುವಿನ ನೋಟ್‌ಬುಕ್, ಚೀಲ, ಸಮವಸ್ತ್ರದ ಹಣ. ಆ ಹಣವನ್ನು ದುಡಿದವರು ಬಿಸಿಲಿನಲ್ಲಿ ನಿಂತು ದುಡಿದಿದ್ದಾರೆ ಎಂಬುದನ್ನು ಮಕ್ಕಳು ಮರೆಯಬಾರದು.

ಉಪಗ್ರಹ ಟೀವಿ ನಮ್ಮ ರಾಜ್ಯಕ್ಕೆ ಮೊದಲು ಬಂದದ್ದು ಮನರಂಜನೆಗಾಗಿ ಅಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೋ ಸಂಸ್ಥೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ 'ಸೈಟ್' ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಾಮೂಹಿಕ ಟೀವಿ ಇಡಲಾಯಿತು. ಕರ್ನಾಟಕದಲ್ಲಿ ಅಂದಿನ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ದೊಡ್ಡ ಡಿಶ್‌ಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ಅಂದರೆ ನಮ್ಮ ನಾಡಿನಲ್ಲಿ ಡಿಶ್ ಶಾಲೆಯ ಕೆಲಸಕ್ಕೇ ಮೊದಲು ಬಂತು.

ಇಂದೂ ಆ ದಾರಿ ತೆರೆದಿದೆ. 2017ರಲ್ಲಿ 'ಸ್ವಯಂ ಪ್ರಭಾ' ಎಂಬ ಹೆಸರಿನಲ್ಲಿ 32 ಶೈಕ್ಷಣಿಕ ವಾಹಿನಿಗಳು ಇದೇ ಜಿಸ್ಯಾಟ್-15ರ ಮೂಲಕ ಆರಂಭವಾದವು. 2020ರಲ್ಲಿ ಪಿಎಂ ಇ-ವಿದ್ಯಾ ಯೋಜನೆಯಲ್ಲಿ ಒಂದರಿಂದ ಹನ್ನೆರಡನೇ ತರಗತಿಯವರೆಗೆ ತರಗತಿಗೊಂದರಂತೆ 12 ವಾಹಿನಿಗಳನ್ನು ಮೀಸಲಿಟ್ಟರು. 2022ರ ಬಜೆಟ್‌ನಲ್ಲಿ, ಪ್ರಾದೇಶಿಕ ಭಾಷೆಗಳಲ್ಲೂ ಪಾಠ ಸಿಗುವಂತೆ, ಅವನ್ನು 200ಕ್ಕೆ ಏರಿಸುವುದಾಗಿ ಘೋಷಿಸಿದರು. ಉರ್ದು ಓದುವ ಮಕ್ಕಳಿಗೆ 2006ರ ಆಗಸ್ಟ್ 15ರಂದು ಆರಂಭವಾದ ಡಿಡಿ ಉರ್ದು ಇದೆ. ಅಲ್ಲಿನ ವಾರ್ತೆಯನ್ನು ಹತ್ತು ನಿಮಿಷ ಕೇಳಿದ ಮಗುವಿನ ಉಚ್ಚಾರಣೆ ತಿದ್ದುವುದು ನನಗೆ ಸುಲಭ. ಚಂದನದ 'ಥಟ್ ಅಂತ ಹೇಳಿ' ಎಂಬ ರಸಪ್ರಶ್ನೆ ಕಾರ್ಯಕ್ರಮ ನೋಡಿ ಬಂದ ಮಗುವಿನ ಕನ್ನಡ ಪದಸಂಪತ್ತು ತರಗತಿಯಲ್ಲಿ ನನಗೆ ಗೊತ್ತಾಗುತ್ತದೆ.

ಇನ್ನು ಎರಡು ಎಚ್ಚರಿಕೆಯ ಮಾತು. ಮೊದಲನೆಯದು, ಕೆಲವು ಅಂಗಡಿಗಳಲ್ಲಿ ಶುಲ್ಕದ ವಾಹಿನಿಗಳನ್ನೂ ಕದ್ದು ತೋರಿಸುವ ಬಾಕ್ಸ್ ಮಾರುತ್ತಾರೆ. ಅದು ಕಾನೂನಿಗೆ ವಿರುದ್ಧ. ಹಲಾಲಾಗಿ ದುಡಿದ ಹಣದಿಂದ ನಡೆಯುವ ಮನೆಯಲ್ಲಿ ಕಳ್ಳತನದ ಟೀವಿ ಬೇಡ. ಎರಡನೆಯದು, ಉಚಿತ ಎಂಬ ಮಾತನ್ನು ಸರಿಯಾಗಿ ತಿಳಿದುಕೊಳ್ಳೋಣ. ಫ್ರೀ ಡಿಶ್‌ನ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಪ್ರಸಾರ ಭಾರತಿಗೆ ಹಣ ಕಟ್ಟಿ ಜಾಗ ಪಡೆಯುತ್ತವೆ. ಆ ಹಣವನ್ನು ಜಾಹೀರಾತಿನಿಂದ ಗಳಿಸುತ್ತವೆ. ನಾವು ಹೆಚ್ಚು ಹೊತ್ತು ಕೂತಷ್ಟೂ ಅವರಿಗೆ ಲಾಭ. ಅಲ್ಲಿ ಸಿನಿಮಾ, ಧಾರಾವಾಹಿಗಳ ಹಿಂದಿ ವಾಹಿನಿಗಳು ಬಹಳ. ರಾತ್ರಿ ಹನ್ನೆರಡರವರೆಗೆ ಸಿನಿಮಾ ನೋಡಿ, ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲೇ ತೂಕಡಿಸುವ ಹುಡುಗರೂ ನನ್ನ ತರಗತಿಯಲ್ಲಿದ್ದಾರೆ. ಅವರ ಮನೆಯಲ್ಲೂ ಇರುವುದು ಇದೇ ಡಿಶ್.

ಎರಡೂ ಮನೆಗಳ ವ್ಯತ್ಯಾಸವನ್ನು ನಾನು ಯೋಚಿಸಿದ್ದೇನೆ. ಆ ಹುಡುಗಿಯ ಮನೆಯಲ್ಲಿ, 'ಇವತ್ತು ಏನು ನೋಡಿದೆ, ನನಗೆ ಹೇಳು' ಎಂದು ಕೇಳುವವರು ಒಬ್ಬರಿದ್ದರು. ಕೇಳಿದವರು ಸಮುದ್ರದಾಚೆ ಇದ್ದರು, ಆದರೂ ಕೇಳಿದರು. ಗಲ್ಫಿನಲ್ಲಿ ಡಿಶ್‌ಗಳು ನೈಲ್‌ಸ್ಯಾಟ್, ಬದ್ರ್ ಉಪಗ್ರಹಗಳ ಕಡೆಗೆ, ಅಂದರೆ ಪಶ್ಚಿಮದ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ನಮ್ಮವು ಆಗ್ನೇಯಕ್ಕೆ. ತಂದೆಯ ಡಿಶ್ ಒಂದು ಕಡೆ, ಮಕ್ಕಳ ಡಿಶ್ ಇನ್ನೊಂದು ಕಡೆ. ಎರಡನ್ನೂ ಸೇರಿಸುವ ಉಪಗ್ರಹ ಇಲ್ಲ, ರಾತ್ರಿಯ ಆ ಐದು ನಿಮಿಷದ ಫೋನ್ ಮಾತೇ ಸೇರಿಸಬೇಕು.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಮೂರು ಕೋರಿಕೆ. ಶಾಲೆಯಲ್ಲಿ ಒಂದು ಸಂಜೆ ತಾಯಂದಿರನ್ನು ಸೇರಿಸಿ ಈ ಡಿಶ್ ಕೂರಿಸುವುದನ್ನೂ ಚಾನೆಲ್ ಹುಡುಕುವುದನ್ನೂ ತೋರಿಸೋಣ. ಶೈಕ್ಷಣಿಕ ವಾಹಿನಿಗಳ ವೇಳಾಪಟ್ಟಿಯನ್ನು ಉರ್ದು, ಕನ್ನಡ ಎರಡರಲ್ಲೂ ಬರೆದು ಸೂಚನಾ ಫಲಕಕ್ಕೆ ಹಾಕೋಣ, ಬರೆಯುವ ಕೆಲಸ ನನ್ನದು. ವಿದೇಶದಲ್ಲಿರುವ ಸದಸ್ಯರಿಗೆ ಪತ್ರ ಬರೆಯುವಾಗ ದೇಣಿಗೆಯ ಜೊತೆಗೆ ಇದನ್ನೂ ಕೇಳೋಣ: ಮನೆಗೆ ಫೋನ್ ಮಾಡಿದಾಗ ಮಗು ನೋಡಿದ ಪಾಠದ ಬಗ್ಗೆ ಒಂದು ಪ್ರಶ್ನೆ ಕೇಳಿ.

ವಿದ್ಯಾರ್ಥಿಗಳೇ, ನಿಮ್ಮ ಅಬ್ಬಾ ಕೇಳದಿದ್ದರೆ ನೀವೇ ಹೇಳಿ. ಇಂದು ರಾತ್ರಿ ಫೋನ್ ಬಂದಾಗ, ಹಣದ ಮಾತು, ಸಾಮಾನಿನ ಮಾತು ಮುಗಿದ ಮೇಲೆ, 'ಅಬ್ಬಾ, ನಾನು ಇವತ್ತು ಒಂದು ವಿಷಯ ಕಲಿತೆ' ಎಂದು ಹೇಳಿ ನೋಡಿ.