ಕೊಟ್ಟು ಕಲಿಯುವ ಕನ್ನಡ



ಹೈದರಾಬಾದಿನ ಕನ್ನಡಿಗರಲ್ಲಿ ಬೀದರ್, ಕಲಬುರಗಿ, ರಾಯಚೂರಿನವರೇ ಹೆಚ್ಚು. ಕಾಚಿಗುಡದಲ್ಲಿ ರಾತ್ರಿ ರೈಲು ಹತ್ತಿ, ಬೆಳಗಿನ ಜಾವ ಹಿಂದೂಪುರ ಬಂತೆಂದರೆ ಚೀಲ ಇಳಿಸಿಕೊಂಡು ಬಾಗಿಲ ಬಳಿ ನಿಲ್ಲುವವರು ನಾವು, ಗೌರಿಬಿದನೂರು, ಚಿಂತಾಮಣಿ ಕಡೆಯವರು. ನಮಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಬಳೆ ಮಾರುತ್ತಿದ್ದ ಕೈವಾರದ ತಾತಯ್ಯನವರು ಎರಡರಲ್ಲೂ ಹಾಡಿದವರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದರೆ ಉರ್ದುವೂ ಸೇರಿ ಮೂರು ಭಾಷೆ. ಅಲ್ಲಿ ವ್ಯಾಕರಣ ತಪ್ಪಿದರೆ ಯಾರೂ ಕೇಳುವುದಿಲ್ಲ, ತೂಕ ತಪ್ಪಿದರೆ ಮಾತ್ರ ಜಗಳ!

ಆ ಶಿಡ್ಲಘಟ್ಟದ ಹುಡುಗ, ನನ್ನ ಅಕ್ಕನ ಮೊಮ್ಮಗ, ಈಗ ರಷ್ಯಾದ ಕಜಾನಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾನೆ. ಆರು ವರ್ಷದ ಓದು. ಪಾಠ ಇಂಗ್ಲಿಷಿನಲ್ಲಿ. ಆದರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಇಂಗ್ಲಿಷ್ ಬರಬೇಕಲ್ಲ? ಎಲ್ಲಿ ನೋವು, ಎಷ್ಟು ದಿನದಿಂದ, ಊಟ ಸೇರುತ್ತಾ, ಎಲ್ಲವನ್ನೂ ರಷ್ಯನ್ನಿನಲ್ಲೇ ಕೇಳಬೇಕು. ಮೂವತ್ಮೂರು ಅಕ್ಷರ ಕಲಿತ, ಅಂಗಡಿ ಬೋರ್ಡು ಓದಿದ, ಬಸ್ಸಿನಲ್ಲಿ ಪಕ್ಕದವರ ಜಗಳಕ್ಕೂ ಕಿವಿ ಕೊಟ್ಟ. ಕನ್ನಡದ ಅಕ್ಷರಮಾಲೆ ಉದ್ದವಾಯಿತೆಂದು ನಮ್ಮ ಮಕ್ಕಳ ಮೇಲೆ ಕನಿಕರಪಡುವ ತಂದೆ ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಅವನ ಫೋನು ಬಂದರೆ ನನಗೆ ಕಜಾನ್ ಸುತ್ತಿದ ಹಾಗೇ. ಹೆಪ್ಪುಗಟ್ಟಿದ ವೋಲ್ಗಾದ ಮೇಲೆ ತೂತು ಕೊರೆದು ಮೀನು ಹಿಡಿಯುವವರು, ಕೋಟೆಯೊಳಗೆ ಮಸೀದಿಯೂ ಚರ್ಚೂ ಅಕ್ಕಪಕ್ಕ, ಬೌಮನ್ ಬೀದಿಯ ತುಂಬ ಸಂಜೆ ನಡೆದಾಡುವ ಜನ, ಜೇನಿನಲ್ಲಿ ಅದ್ದಿದ ಚಕ್‌ಚಕ್ ಎಂಬ ಸಿಹಿ. ಟಾಲ್‌ಸ್ಟಾಯ್ 1844ರಲ್ಲಿ ಪೂರ್ವದೇಶದ ಭಾಷೆ ಕಲಿಯಲೆಂದು ಸೇರಿದ್ದು ಆ ಊರಿನ ವಿಶ್ವವಿದ್ಯಾಲಯಕ್ಕೇ. ಅಲ್ಲಿ ತತಾರ್ ಮತ್ತು ರಷ್ಯನ್ ಎರಡೂ ಆಡಳಿತ ಭಾಷೆ. ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಇಂಗ್ಲಿಷೂ ಸೇರಿ ಮೂರು ಭಾಷೆಯಲ್ಲಿ ಕೂಗುತ್ತಾರೆ. "ತಾತ, ಇದು ನಮ್ಮೂರಿನ ಹಾಗೇ ಇದೆ" ಅಂದ. ನನ್ನ ಕಣ್ಣು ತುಂಬಿ ಬಂತು.

ಅಲ್ಲಿ ಅವನಿಗೊಬ್ಬ ತತಾರ್ ಗೆಳೆಯ ಸಿಕ್ಕಿದ. ಒಬ್ಬ ಇಂಗ್ಲಿಷ್ ಹೇಳಿಕೊಡುವುದು, ಇನ್ನೊಬ್ಬ ರಷ್ಯನ್. ದುಡ್ಡಿಲ್ಲ, ಫೀಸಿಲ್ಲ, ಮಧ್ಯೆ ಒಂದು ಕೆಟಲ್ ಚಹಾ. ಆ ಗೆಳೆಯನಿಗೂ ತತಾರ್ ಅಂದರೆ ಅಜ್ಜಿಯ ಜೊತೆ ಮಾತ್ರ ಆಡುವ ಭಾಷೆಯಂತೆ. ನಮ್ಮ ಮನೆಗಳ ಚಿಂತೆ ಅಲ್ಲೂ ಇದೆ, ನೋಡಿ! ಒಂದು ದಿನ ಅವನು, "ನಿಮ್ಮೂರ ಭಾಷೆಯನ್ನೂ ಹೇಳಿಕೊಡು" ಅಂದನಂತೆ. ಅವತ್ತೇ ನಮ್ಮ ಹುಡುಗ ನನಗೆ ಫೋನು ಮಾಡಿದ: "ತಾತ, ಒಂದನೇ ತರಗತಿ ಕನ್ನಡ ಪುಸ್ತಕ ಕಳಿಸಿ." ಊರಲ್ಲಿದ್ದಾಗ ಕನ್ನಡ ಪುಸ್ತಕದ ಕಡೆ ತಿರುಗಿಯೂ ನೋಡದಿದ್ದ ಹುಡುಗ ಇವನು.

ಆ ವೋಲ್ಗಾ ನದಿಗೂ ನಮಗೂ ಹಳೆಯ ನೆಂಟು. ಹದಿನೈದನೇ ಶತಮಾನದಲ್ಲಿ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ವೋಲ್ಗಾದಲ್ಲಿ ಇಳಿದು, ಇದೇ ಕಜಾನ್ ದಾಟಿ, ಕಡಲು ದಾಟಿ ಬೀದರಿಗೆ ಬಂದು ಕುದುರೆ ಮಾರಿದ. ಅವನ ಪ್ರವಾಸಕಥನದಲ್ಲಿ ರಷ್ಯನ್ನಿನ ನಡುವೆ ತುರ್ಕಿ, ಪಾರಸಿ ಮಾತು ಬೆರೆತಿವೆ. ದಾರಿಯಲ್ಲಿ ಕೊಂಡು ಕೊಟ್ಟು ಕಲಿತದ್ದು. ಬೀದರಿನವರು ಇಲ್ಲಿ ಇಷ್ಟು ಜನ ಇದ್ದೀರಿ, ಇದನ್ನು ನಿಮ್ಮ ಮಕ್ಕಳಿಗೆ ಹೇಳಿ.

ದೂರ ಹೋದರೆ ಭಾಷೆ ಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಓದಲು ಹೋದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದರು. ಆತ್ಮಕಥೆ 'ಹೋರಾಟದ ಹಾದಿ'ಯನ್ನು ಕನ್ನಡದಲ್ಲೇ ಬರೆದರು.

ನಮ್ಮ ಮಕ್ಕಳಿಗೆ ನಾವು ಕನ್ನಡವನ್ನು ಬರೀ ಕಲಿಯಿರಿ ಕಲಿಯಿರಿ ಅನ್ನುತ್ತೇವೆ, ಇನ್ನೊಬ್ಬರಿಗೆ ಕಲಿಸಿ ಅನ್ನುವುದಿಲ್ಲ. ಕೇಳುವವರಿದ್ದರೆ ಮಗು ತಾನಾಗಿ ಪುಸ್ತಕ ತೆಗೆಯುತ್ತದೆ. ನಮ್ಮ ಸಂಘದ ಸಮಿತಿಯ ಸಭೆಯಲ್ಲಿ ನಾನು ಪಟ್ಟು ಹಿಡಿದು ಹೇಳುತ್ತ ಬಂದಿರುವುದೂ ಇದನ್ನೇ. ಭಾನುವಾರದ ತರಗತಿಗೆ ನಮ್ಮ ಮಕ್ಕಳಷ್ಟೇ ಬೇಡ, ನೆರೆಮನೆಯ ತೆಲುಗು ಮಕ್ಕಳೂ ಬರಲಿ. ಅರ್ಧ ಗಂಟೆ ಇವರು ಕನ್ನಡ ಕಲಿಸಲಿ, ಅರ್ಧ ಗಂಟೆ ಅವರು ತೆಲುಗು ಕಲಿಸಲಿ. ಎರಡು ಲಿಪಿಯೂ ಅಕ್ಕತಂಗಿಯರೇ, ಕಷ್ಟವೇನಿಲ್ಲ.

ಊಟಕ್ಕೆ ಏಳುವ ಮುಂಚೆ ಬಾಗಿಲ ಬಳಿಯ ಮೇಜಿನಲ್ಲಿ ನಿಮ್ಮ ಮಗುವಿನ ಹೆಸರು ಬರೆಸಿ. ಜೊತೆಗೆ ಕರೆತರುವ ಗೆಳೆಯನ ಹೆಸರನ್ನೂ ಬರೆಸಿ. ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಮೊದಲ ತರಗತಿ, ಬಾಗಿಲು ತೆರೆಯುವವನು ನಾನೇ.